‘ಅಪರಾತ್ರಿ’ ಎಂದರೆ ಎಷ್ಟು ಗಂಟೆ? ಅಪ + ರಾತ್ರಿಯೋ, ಅಪರ + ರಾತ್ರಿಯೋ? (ಇದೊಂದು ಚರ್ಚೆ. ಪ್ರತಿ ಮಾತಿನ ಮೇಲಿರುವುದು ಮಾತಾಡಿದವರ ಅಡ್ಡಹೆಸರು.)

ಪದಮೂಲ:
‘ಅಪರಾತ್ರಿಯಲ್ಲಿ ಬಾಗಿಲು ಬಡಿದ’, ‘ರಾತ್ರಿ ಅಪರಾತ್ರಿ ಎನ್ನದೆ ದುಡಿದ’ ಎನ್ನುತ್ತೇವೆ. ಹೆಚ್ಚಿನವರು ಇದನ್ನು ಅಪಶಕುನ, ಅಪಕೀರ್ತಿಗಳ ಸಾಲಿಗೆ ಸೇರಿಸಿ ‘ಕೆಟ್ಟ ಹೊತ್ತು’ ಎಂದು ಬಿಡಿಸುತ್ತಾರೆ. ಅದು ತಪ್ಪು. ಇದು ಅಪರ + ರಾತ್ರಿ. ಅಪರ ಎಂದರೆ ಆಮೇಲಿನದು. ಹಗಲಿನ ಮುಂಭಾಗ ಪೂರ್ವಾಹ್ಣ, ಹಿಂಭಾಗ ಅಪರಾಹ್ಣ. ಸತ್ತ ಮೇಲೆ ಮಾಡುವುದು ಅಪರಕರ್ಮ. ಹಾಗೆಯೇ ರಾತ್ರಿಯ ಹಿಂಭಾಗ ಅಪರರಾತ್ರಿ. ಎರಡು ರಕಾರ ಅಕ್ಕಪಕ್ಕ ಬಂದದ್ದರಿಂದ ನಾಲಗೆ ಒಂದನ್ನು ನುಂಗಿತು. ಆದ್ದರಿಂದ ಮಧ್ಯರಾತ್ರಿ ದಾಟದೆ ಅಪರಾತ್ರಿ ಇಲ್ಲ. ಹತ್ತು ಗಂಟೆಗೆ ಮನೆಗೆ ಬಂದವನಿಗೆ ‘ಅಪರಾತ್ರಿಯಲ್ಲಿ ಬಂದೆ’ ಎನ್ನುವುದು ಸರಿಯಲ್ಲ. ಪತ್ರಿಕೆಗಳ ‘ಬೆಳಗಿನ ಜಾವ 1 ಗಂಟೆ’ಯೂ ಇಂಥದೇ ತಪ್ಪು. ಬೆಳಗಿನ ಜಾವ ಶುರುವಾಗುವುದೇ ಮೂರರ ಮೇಲೆ.

ಸಂಧಿಕಾರ್ಯ:
‘ನಾಲಗೆ ನುಂಗಿತು’ ಎನ್ನುವುದು ವ್ಯಾಕರಣವಲ್ಲ. ಪಾಣಿನಿಯ 5.4.87ನೇ ಸೂತ್ರ ನೋಡಿ. ಒಂದು ಭಾಗವನ್ನು ಹೇಳುವ ಪದದ ಮುಂದೆ ‘ರಾತ್ರಿ’ ಬಂದರೆ ಅದು ‘ರಾತ್ರ’ ಆಗುತ್ತದೆ. ಆ ಸೂತ್ರಗಳ ವ್ಯಾಖ್ಯಾನವಾದ ಕಾಶಿಕಾವೃತ್ತಿ ಕೊಡುವ ಉದಾಹರಣೆಗಳೇ ಪೂರ್ವರಾತ್ರ, ಅಪರರಾತ್ರ. ನಿಮ್ಮ ಮೂಲದಿಂದ ‘ಅಪರರಾತ್ರ’ ಹುಟ್ಟಬೇಕಿತ್ತು, ಇಕಾರ ಎಲ್ಲಿಂದ ಬಂತು? ‘ಅಪ’ ಉಪಸರ್ಗ ಸೇರಿಸಿದರೆ ಈ ಸೂತ್ರದ ತಂಟೆಯೇ ಇಲ್ಲ, ‘ಅಪರಾತ್ರಿ’ ನೇರವಾಗಿ ಸಿಗುತ್ತದೆ. ಅಪಮೃತ್ಯು ಎಂದರೆ ಕೆಟ್ಟ ಸಾವು ಮಾತ್ರವಲ್ಲ, ಹೊತ್ತಲ್ಲದ ಹೊತ್ತಿನ ಸಾವು. ಅಪರಾತ್ರಿಯಲ್ಲಿರುವುದೂ ಅದೇ ಅರ್ಥ.

ಪದಮೂಲ:
‘ಇಕಾರ ಎಲ್ಲಿಂದ ಬಂತು’ ಎಂದು ಕೇಳುವವರು ದಸರೆಗೆ ‘ನವರಾತ್ರ’ ಎನ್ನುತ್ತಾರೆಯೇ? ಸಂಸ್ಕೃತದಲ್ಲಿ ಅದು ನವರಾತ್ರ, ಕನ್ನಡದಲ್ಲಿ ನವರಾತ್ರಿ. ಅಲ್ಲಿ ಅರ್ಧರಾತ್ರ, ಇಲ್ಲಿ ಅರ್ಧರಾತ್ರಿ. ಅಲ್ಲಿ ಮಧ್ಯರಾತ್ರ, ಇಲ್ಲಿ ಮಧ್ಯರಾತ್ರಿ. ಈ ಮೂರರಲ್ಲೂ ಕನ್ನಡ ಇಕಾರ ಉಳಿಸಿಕೊಂಡಿದೆ. ನಾಲ್ಕನೆಯದಕ್ಕೆ ಮಾತ್ರ ಪಾಣಿನಿಯನ್ನು ಕರೆತರುವುದು ನ್ಯಾಯವಲ್ಲ.

ನಸುಕು:
ನೀವಿಬ್ರೂ ಸಂಸ್ಕೃತದಾಗ ಹುಡುಕಾಕತ್ತೀರಿ. ಮರಾಠಿಯೊಳಗ ‘ರಾತ್ರೀ-ಅಪರಾತ್ರೀ’ ಅಂತ ದಿನಾ ಬಳಸ್ತಾರ. ನಮ್ಮ ‘ರಾತ್ರಿ ಅಪರಾತ್ರಿ’ ಅದೇ ಜೋಡಿ. ವ್ಯಾಳ್ಯಾ ಅವ್ಯಾಳ್ಯಾ, ಕಾಲ ಅಕಾಲ ಅಂದಂಗ. ಮೊದಲನೇದು ತಕ್ಕ ಹೊತ್ತು, ಎರಡನೇದು ತಕ್ಕದ್ದಲ್ಲದ ಹೊತ್ತು. ಜೋಡಿಯೊಳಗ ‘ಆಮ್ಯಾಗಿನ ರಾತ್ರಿ’ ಅನ್ನೋ ಅರ್ಥ ಕೂಡೂದೇ ಇಲ್ರಿ.

ಪದಮೂಲ:
ಜೋಡಿಯನ್ನೇ ಸಾಕ್ಷಿ ಮಾಡುವುದಾದರೆ ತೆಲುಗಿನವರ ಜೋಡಿಯನ್ನೂ ತೆಗೆದುಕೊಳ್ಳಿ: ‘ಅರ್ಧರಾತ್ರಿ ಅಪರಾತ್ರಿ’. ನಮ್ಮಲ್ಲೂ ಇದು ಉಂಟು. ಮೊದಲು ಅರ್ಧ, ಆಮೇಲೆ ಅಪರ. ಗಡಿಯಾರದ ಕ್ರಮದಲ್ಲೇ ನಿಂತಿವೆ.

ಸುದ್ದಿಮನೆ:
‘ಬೆಳಗಿನ ಜಾವ 1 ಗಂಟೆಯೂ ತಪ್ಪು’ ಎಂದು ಮೇಲಿನಿಂದ ತೀರ್ಪು ಕೊಟ್ಟಿದ್ದೀರಿ. ಸುದ್ದಿ ಬರೆಯುವವರ ತೊಡಕು ಏನೆಂದು ತಿಳಿಯಿರಿ. ‘ಶನಿವಾರ ರಾತ್ರಿ 1 ಗಂಟೆಗೆ ಅಪಘಾತ’ ಎಂದು ಬರೆದರೆ ಅದು ಶುಕ್ರವಾರ ಮಲಗಿ ಶನಿವಾರ ಏಳುವ ರಾತ್ರಿಯೋ, ಶನಿವಾರ ಮಲಗಿ ಭಾನುವಾರ ಏಳುವ ರಾತ್ರಿಯೋ? ಓದುಗನಿಗೆ ತಿಳಿಯುವುದಿಲ್ಲ. ‘ಶನಿವಾರ ಬೆಳಗಿನ ಜಾವ 1 ಗಂಟೆ’ ಎಂದ ಕೂಡಲೇ ಗೊಂದಲ ತೀರುತ್ತದೆ. ರೈಲಿನಲ್ಲಿ ಇದೇ ಗೊಂದಲಕ್ಕೆ ಜನ ಗಾಡಿ ತಪ್ಪಿಸಿಕೊಳ್ಳುತ್ತಾರೆ. 15ನೇ ತಾರೀಖಿನ 00.10ರ ಗಾಡಿಗೆ 14ರ ರಾತ್ರಿಯೇ ನಿಲ್ದಾಣಕ್ಕೆ ಹೋಗಬೇಕು. 15ರ ರಾತ್ರಿ ಹೋದವರಿಗೆ ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ.

ಗಳಿಗೆಬಟ್ಟಲು:
‘ಗೊಂದಲ ತೀರುತ್ತದೆ’ ಎಂಬ ಕಾರಣಕ್ಕೆ ಲೆಕ್ಕ ಕೆಡಿಸಬೇಕೇ? ಜಾವ ಎಂಬುದು ಯಾಮದ ತದ್ಭವ. ಯಮ ಜವನಾದ, ಯೋಗಿ ಜೋಗಿಯಾದ, ಯಾತ್ರೆ ಜಾತ್ರೆಯಾಯಿತು. ಹಾಗೇ ಯಾಮ ಜಾವವಾಯಿತು. ರಾತ್ರಿಗೆ ನಾಲ್ಕು ಯಾಮ. ಕೊನೆಯದು ಬೆಳಗಿನ ಜಾವ. ಲೆಕ್ಕ ಹಾಕುವ ಬಗೆ: ಸೂರ್ಯಾಸ್ತದಿಂದ ಮರುದಿನದ ಸೂರ್ಯೋದಯದವರೆಗಿನ ನಿಮಿಷಗಳನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಸೂರ್ಯೋದಯದಿಂದ ಕಳೆಯಿರಿ. ಬೆಂಗಳೂರಿನಲ್ಲಿ ಜೂನ್ 21ರ ಸುಮಾರಿಗೆ ರಾತ್ರಿ 11 ಗಂಟೆ 7 ನಿಮಿಷ, ಜಾವಕ್ಕೆ 2 ಗಂಟೆ 47 ನಿಮಿಷ. ಸೂರ್ಯೋದಯ 5.54 ಹಿಡಿದರೆ ಬೆಳಗಿನ ಜಾವ 3.07ಕ್ಕೆ ಶುರು. ಡಿಸೆಂಬರ್ 21ಕ್ಕೆ ರಾತ್ರಿ 12 ಗಂಟೆ 38 ನಿಮಿಷ, ಜಾವಕ್ಕೆ ಹತ್ತಿರ ಹತ್ತಿರ 3 ಗಂಟೆ 10 ನಿಮಿಷ, ಶುರುವಾಗುವುದು 3.27ರ ಆಸುಪಾಸಿನಲ್ಲಿ. ವರ್ಷದ ಯಾವ ದಿನವೂ ಒಂದು ಗಂಟೆ ಬೆಳಗಿನ ಜಾವಕ್ಕೆ ಸೇರುವುದಿಲ್ಲ, ಮೂರನೇ ಜಾವಕ್ಕೇ ಸೇರುತ್ತದೆ.

ಸಂಧಿಕಾರ್ಯ:
‘ರಾತ್ರಿಗೆ ನಾಲ್ಕು ಯಾಮ’ ಎಂದು ಯಾರು ಹೇಳಿದರು? ಸಂಸ್ಕೃತದ ಹಳೆಯ ನಿಘಂಟು ಅಮರಕೋಶ ರಾತ್ರಿಯ ಹೆಸರುಗಳನ್ನು ಕೊಡುವಾಗ ‘ನಿಶಾ ನಿಶೀಥಿನೀ ರಾತ್ರಿಸ್ತ್ರಿಯಾಮಾ ಕ್ಷಣದಾ ಕ್ಷಪಾ’ ಎನ್ನುತ್ತದೆ. ತ್ರಿಯಾಮಾ ಎಂದರೆ ಮೂರು ಯಾಮದವಳು. ನಾಲ್ಕಿದ್ದರೆ ಚತುರ್ಯಾಮಾ ಎನ್ನಬೇಕಿತ್ತು.

ಗಳಿಗೆಬಟ್ಟಲು:
ಅಮರಕೋಶದ ಒಂದು ಪದ ಹಿಡಿದು ವ್ಯಾಖ್ಯಾನ ಬಿಟ್ಟಿದ್ದೀರಿ. ವ್ಯಾಖ್ಯಾನಕಾರರು ತ್ರಿಯಾಮಾ ಯಾಕೆಂದು ಹೇಳಿದ್ದಾರೆ: ಮೊದಲ ಅರ್ಧ ಯಾಮ, ಕೊನೆಯ ಅರ್ಧ ಯಾಮ ಜನ ಎದ್ದು ಓಡಾಡುವ ಹೊತ್ತು, ಹಗಲಿಗೆ ಸಮ. ಆ ಎರಡು ಅರ್ಧಗಳನ್ನು ಬಿಟ್ಟರೆ ಉಳಿಯುವುದು ಮೂರು. ಅರ್ಧ ಅರ್ಧ ಸೇರಿ ಒಂದು ಕಳೆದು ಮೂರು ಉಳಿಯಬೇಕಾದರೆ ಮೊದಲು ಎಷ್ಟಿರಬೇಕು? ಶಿವರಾತ್ರಿಯ ಜಾಗರಣೆಗೆ ಜಾವಕ್ಕೊಂದರಂತೆ ನಾಲ್ಕು ಪೂಜೆ ನಡೆಯುತ್ತದೆ, ಮೂರಲ್ಲ.

ವಾತಪಿತ್ತ:
ಶಿವರಾತ್ರಿಯ ಪೂಜೆ ಒಂದು ವ್ರತದ ವಿಧಿ, ಅದನ್ನು ಕಾಲಮಾನದ ಸಾಕ್ಷಿ ಮಾಡಬೇಡಿ. ಆಯುರ್ವೇದದಲ್ಲಿ ರಾತ್ರಿಗೆ ಮೂರೇ ಪಾಲು. ಅಷ್ಟಾಂಗ ಹೃದಯ ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲೇ ಇದೆ: ರಾತ್ರಿಯ ಆದಿಯಲ್ಲಿ ಕಫ, ನಡುವೆ ಪಿತ್ತ, ಕೊನೆಯಲ್ಲಿ ವಾತ. ಹನ್ನೆರಡು ಗಂಟೆಯ ರಾತ್ರಿಗೆ ಪಾಲಿಗೆ ನಾಲ್ಕು ಗಂಟೆ. 6ರಿಂದ 10, 10ರಿಂದ 2, 2ರಿಂದ 6. ಹಾಗೆ ನೋಡಿದರೆ ಕೊನೆಯ ಪಾಲು ಎರಡಕ್ಕೇ ಶುರು. ಮೂರು ಗಂಟೆಯ ಗಡಿಗೆ ಆಧಾರವೇ ಇಲ್ಲ.

ಗಳಿಗೆಬಟ್ಟಲು:
ಆ ಶ್ಲೋಕದಲ್ಲಿ ‘ಯಾಮ’ ಎಂಬ ಪದ ಇದೆಯೇ? ಇಲ್ಲ. ಆದಿ, ಮಧ್ಯ, ಅಂತ ಎಂದಷ್ಟೇ ಇದೆ. ಅದೇ ಶ್ಲೋಕ ವಯಸ್ಸಿಗೂ ಊಟ ಜೀರ್ಣವಾಗುವುದಕ್ಕೂ ಅನ್ವಯಿಸುತ್ತದೆ. ಮನುಷ್ಯನ ವಯಸ್ಸಿಗೂ ಮೂರು ಯಾಮ ಎನ್ನುತ್ತೀರಾ?

ವಾತಪಿತ್ತ:
ವಯಸ್ಸಿನ ಮಾತು ನಾನು ಆಡಲಿಲ್ಲ, ಇಲ್ಲದ್ದನ್ನು ನನ್ನ ಬಾಯಿಗೆ ತುರುಕಬೇಡಿ. ಪಾಲು ಮೂರು ಎಂದೆ. ಅದಕ್ಕೆ ಉತ್ತರ ಕೊಡಿ.

ಸುದ್ದಿಮನೆ:
ನೋಡಿ, ಮೂರೋ ನಾಲ್ಕೋ ಎಂದು ಪಂಡಿತರಲ್ಲೇ ಒಮ್ಮತವಿಲ್ಲ. ಪತ್ರಿಕೆ ಮಾತ್ರ ತಪ್ಪು ಮಾಡಿತು ಎನ್ನುತ್ತೀರಿ. ಕಾನೂನಿಗೂ ನಿಮ್ಮ ಜಾವ ಬೇಡ. ಭಾರತೀಯ ದಂಡ ಸಂಹಿತೆಯ 446ನೇ ಕಲಮು ‘ರಾತ್ರಿ ಹೊತ್ತು ಮನೆಗೆ ಕನ್ನ’ ಎಂಬ ಅಪರಾಧಕ್ಕೆ ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಎಂದಷ್ಟೇ ಹೇಳುತ್ತಿತ್ತು. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ಯಕ್ಷಗಾನದ ಆಟ ಆಡಿಸುವವರಿಗೂ ಧ್ವನಿವರ್ಧಕದವರಿಗೂ ಈ 10 ಗಂಟೆಯೇ ಮುಖ್ಯ.

ಕಡಲತಡಿ:
ಆಟದ ವಿಷಯ ತೆಗೆದಿರಿ, ಹಾಗಾಗಿ ಹೇಳುತ್ತೇನೆ ಮಾರಾಯ್ರೆ. ರಾತ್ರಿಯಿಡೀ ನಡೆಯುವ ಯಕ್ಷಗಾನ ಕಾಲಮಿತಿಗೆ ಇಳಿದದ್ದರಲ್ಲಿ ಈ ನಿಯಮದ ಪಾಲು ಉಂಟು. ಅದು ಬೇರೆ ಚರ್ಚೆ. ಹಳ್ಳಿಯಲ್ಲಿ ಜಾವವನ್ನು ಭಾಗಾಕಾರ ಮಾಡಿ ಯಾರೂ ಹೇಳುತ್ತಿರಲಿಲ್ಲ. ಕೋಳಿ ಕೂಗಿದ್ದು, ಬೆಳ್ಳಿ ಮೂಡಿದ್ದು, ಅಷ್ಟೇ. ಬೆಳ್ಳಿ ಮೂಡಿದರೆ ಬೆಳಗಿನ ಜಾವ.

ಗಳಿಗೆಬಟ್ಟಲು:
ಬೆಳ್ಳಿ, ಅಂದರೆ ಶುಕ್ರ, ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದಿಲ್ಲ. ಅಂದರೆ ಸೂರ್ಯೋದಯಕ್ಕೆ ಮೂರು ಗಂಟೆಯ ಆಸುಪಾಸಿಗಿಂತ ಮೊದಲು ಅದು ಮೂಡಲು ಸಾಧ್ಯವಿಲ್ಲ. ನಾಲ್ಕನೇ ಜಾವದ ಅಳತೆಯೂ ಅಷ್ಟೇ. ನಿಮ್ಮ ಹಳ್ಳಿಯ ಮಾತೇ ನನ್ನ ಲೆಕ್ಕಕ್ಕೆ ಸಾಕ್ಷಿ.

ಸುದ್ದಿಮನೆ:
ವರ್ಷವಿಡೀ ಬೆಳ್ಳಿ ಬೆಳಗ್ಗೆ ಮೂಡುತ್ತದೆಯೇ? 584 ದಿನದ ಚಕ್ರದಲ್ಲಿ ಅದು ಬೆಳಗಿನ ಚುಕ್ಕಿಯಾಗಿ ಕಾಣುವುದು ಸುಮಾರು 260 ದಿನ. ಮತ್ತೆ ಅಷ್ಟೇ ದಿನ ಸಂಜೆಗೆ ಕಾಣುತ್ತದೆ, ಉಳಿದ ದಿನ ಸೂರ್ಯನ ಬೆಳಕಿನಲ್ಲಿ ಅಡಗಿರುತ್ತದೆ. ಮೂಡುವ ದಿನಗಳಲ್ಲೂ ಒಂದು ವಾರ ಮೂರು ಗಂಟೆ ಮುಂಚೆ, ಕೆಲವು ತಿಂಗಳ ಮೇಲೆ ಅರ್ಧ ಗಂಟೆ ಮುಂಚೆ. ಇದನ್ನು ಅಳತೆಗೋಲು ಎನ್ನುವುದು ಹೇಗೆ?

ಕಡಲತಡಿ:
ಅಳತೆಗೋಲು ಎಂದು ನಾನು ಹೇಳಲೇ ಇಲ್ಲ. ಜನರ ಮಾತು ಹಾಗೆ ಉಂಟು ಎಂದೆ. ಮತ್ತೊಂದು: ಬೆಂಗಳೂರಿನ ಲೆಕ್ಕವನ್ನು ಮಂಗಳೂರಿಗೆ ಹಚ್ಚಬೇಡಿ. ನಮ್ಮಲ್ಲಿ ಎಲ್ಲವೂ 11 ನಿಮಿಷ ತಡ.

ಸಂಧಿಕಾರ್ಯ:
ಮೂಲ ಪ್ರಶ್ನೆಗೆ ಉತ್ತರ ಬರಲಿಲ್ಲ. ನವರಾತ್ರಿಯ ಉದಾಹರಣೆ ಕೊಟ್ಟವರು ಇಕಾರದ ಬಗ್ಗೆ ಮಾತ್ರ ಹೇಳಿದರು. ರಕಾರ ಬಿದ್ದದ್ದಕ್ಕೆ ಏನು ಹೇಳುತ್ತಾರೆ? ‘ಪರರಾಷ್ಟ್ರ’ದಲ್ಲಿ ಎರಡು ರಕಾರ ಅಕ್ಕಪಕ್ಕ ಇಲ್ಲವೇ? ಅದು ಯಾಕೆ ‘ಪರಾಷ್ಟ್ರ’ ಆಗಲಿಲ್ಲ? ‘ಪರರಾಜ್ಯ’ ಯಾಕೆ ‘ಪರಾಜ್ಯ’ ಆಗಲಿಲ್ಲ?

ಪದಮೂಲ:
ಪರರಾಷ್ಟ್ರ ಬರವಣಿಗೆಯ ಪದ, ಕಣ್ಣಿಗೆ ಕಾಣುವ ಅಕ್ಷರ ಅದನ್ನು ಕಾಯುತ್ತದೆ. ಅಪರಾತ್ರಿ ಬಾಯಿಮಾತು. ಸಂಸ್ಕೃತದಲ್ಲೇ ಶಷ್ಪ + ಪಿಂಜರ ಕೂಡಿ ‘ಶಷ್ಪಿಂಜರ’ ಆಗಿದೆ, ಒಂದು ಪಕಾರ ಬಿದ್ದುಹೋಗಿದೆ. ಇಲ್ಲಿ ರಕಾರ ಬೀಳಲು ಅಡ್ಡಿ ಏನು?

ಸಂಧಿಕಾರ್ಯ:
ವೇದಕಾಲದ ಒಂದು ಪದ ತಂದು ಇವತ್ತಿನ ಕನ್ನಡದ ಬಾಯಿಮಾತಿಗೆ ಆಧಾರ ಎನ್ನುತ್ತೀರಿ. ಕನ್ನಡದ ಬಾಯಿಮಾತಿನಿಂದ ಒಂದು ಉದಾಹರಣೆ ಕೊಡಿ.

ಗಳಿಗೆಬಟ್ಟಲು:
11 ನಿಮಿಷದ ಮಾತಿಗೆ ಬರುತ್ತೇನೆ, ಅದು ಸರಿಯಾಗಿ ತಿಳಿಯಬೇಕಾದ ವಿಷಯ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದ್ದು. ಬೆಂಗಳೂರು 77.6, ಮಂಗಳೂರು 74.85. ಡಿಗ್ರಿಗೆ ನಾಲ್ಕು ನಿಮಿಷದಂತೆ ಬೆಂಗಳೂರು ಸುಮಾರು 20 ನಿಮಿಷ ಹಿಂದೆ, ಮಂಗಳೂರು 30ಕ್ಕೂ ಸ್ವಲ್ಪ ಹೆಚ್ಚು. ಇದರ ಮೇಲೆ ವರ್ಷದುದ್ದಕ್ಕೂ ಸೂರ್ಯನ ಗತಿಯ ಏರುಪೇರು ಬೇರೆ. ಆದ್ದರಿಂದ ಬೆಂಗಳೂರಿನ ನಿಜವಾದ ಮಧ್ಯರಾತ್ರಿ ನವೆಂಬರ್ ಮೊದಲ ವಾರದಲ್ಲಿ 12.03ಕ್ಕೆ, ಫೆಬ್ರವರಿ ನಡುವಿನಲ್ಲಿ 12.34ಕ್ಕೆ ಬೀಳುತ್ತದೆ. ಗಡಿಯಾರದ 12 ವರ್ಷದ ಯಾವ ದಿನವೂ ಇಲ್ಲಿ ಸರಿರಾತ್ರಿಯಲ್ಲ. ಶಿವರಾತ್ರಿಯ ನಿಶೀಥ ಕಾಲ ಎಂದು ಪಂಚಾಂಗದಲ್ಲಿ 12.10ರಿಂದ 1ರ ಹತ್ತಿರದವರೆಗೆ ಕೊಟ್ಟಿರುವುದಕ್ಕೆ ಕಾರಣ ಇದು. ರಾತ್ರಿಯ ಹದಿನೈದು ಮುಹೂರ್ತಗಳಲ್ಲಿ ಎಂಟನೆಯದು ನಿಶೀಥ, ಸರಿರಾತ್ರಿ ಅದರ ನಟ್ಟನಡುವೆ ಬರುತ್ತದೆ.

ನಸುಕು:
ಹದಿನೈದು ಮುಹೂರ್ತ ಅಂದ್ರಿ. ಹಂಗಾದ್ರ ಬ್ರಾಹ್ಮೀ ಮುಹೂರ್ತ 48 ನಿಮಿಷ ಅನ್ನೂದು ಸುಳ್ಳೇನ್ರಿ? ಎಲ್ಲಾ ಕಡೆ ಹಂಗೇ ಬರೀತಾರ.

ಗಳಿಗೆಬಟ್ಟಲು:
ಹಗಲು ರಾತ್ರಿ ಸಮ ಇರುವ ದಿನ ಮಾತ್ರ 48. ಬ್ರಾಹ್ಮೀ ಮುಹೂರ್ತ ಹದಿನಾಲ್ಕನೆಯದು. ಜೂನ್‌ನಲ್ಲಿ ಬೆಂಗಳೂರಿನ ಒಂದು ಮುಹೂರ್ತ 44 ನಿಮಿಷ ಚಿಲ್ಲರೆ, ಡಿಸೆಂಬರ್‌ನಲ್ಲಿ 50 ಚಿಲ್ಲರೆ. ಶುರುವಾಗುವುದು ಜೂನ್‌ನಲ್ಲಿ 4.25ರ ಸುಮಾರಿಗೆ, ಡಿಸೆಂಬರ್‌ನಲ್ಲಿ 4.55ರ ಸುಮಾರಿಗೆ. ವರ್ಷವಿಡೀ ಒಂದೇ ಗಂಟೆಗೆ ಅಲಾರಂ ಇಟ್ಟವರಿಗೆ ಶುರುವಿನ ಹೊತ್ತು ತಪ್ಪುತ್ತದೆ.

ವಾತಪಿತ್ತ:
‘ಹದಿನೈದು ಭಾಗ ಮಾಡು’ ಎನ್ನುವವರು ಸ್ವಲ್ಪ ಹಿಂದೆ ‘ಏಳೂವರೆ ಗಳಿಗೆಗೆ ಒಂದು ಜಾವ’ ಎಂಬ ಹಳೆಯ ಲೆಕ್ಕವನ್ನು ಮರೆತರು. ಗಳಿಗೆ ಎಂದರೆ 24 ನಿಮಿಷ, ಬದಲಾಗದ ಅಳತೆ. ಏಳೂವರೆ ಗಳಿಗೆ ಎಂದರೆ ಸರಿಯಾಗಿ ಮೂರು ಗಂಟೆ. ನಿಮ್ಮ 2 ಗಂಟೆ 47 ನಿಮಿಷದ ಜಾವ ಅಲ್ಲೇ ಬಿದ್ದುಹೋಯಿತು.

ಗಳಿಗೆಬಟ್ಟಲು:
ಬಿದ್ದುಹೋಗಿಲ್ಲ. ಸಮರಾತ್ರಿಯ ದಿನದ ಲೆಕ್ಕ ಅದು. ಗಳಿಗೆ ಅಳೆಯುತ್ತಿದ್ದುದು ಬಟ್ಟಲಿನಿಂದ. ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತದ 13ನೇ ಅಧ್ಯಾಯ ಹೇಳುವಂತೆ ತಾಮ್ರದ ಪಾತ್ರೆ, ತಳದಲ್ಲಿ ತೂತು, ಶುದ್ಧ ನೀರಿನ ಕುಂಡದಲ್ಲಿ ಬಿಡಬೇಕು. ಒಂದು ಹಗಲು ಒಂದು ರಾತ್ರಿಯಲ್ಲಿ ಅರವತ್ತು ಸಲ ಮುಳುಗುತ್ತದೆ. ಬಟ್ಟಲಿಗೆ ಜೂನ್ ಡಿಸೆಂಬರ್ ತಿಳಿಯದು, ಅದು ಒಂದೇ ವೇಗದಲ್ಲಿ ಮುಳುಗುತ್ತದೆ. ಆದ್ದರಿಂದ ಜೂನ್ ರಾತ್ರಿಗೆ 28 ಗಳಿಗೆಗೂ ಕಡಿಮೆ, ಡಿಸೆಂಬರ್ ರಾತ್ರಿಗೆ 31ಕ್ಕೂ ಹೆಚ್ಚು. ಅದನ್ನು ನಾಲ್ಕು ಪಾಲು ಮಾಡಿದರೆ ಜಾವ. ಗಳಿಗೆ ಗಟ್ಟಿ, ಜಾವ ಹಿಗ್ಗುವಂಥದು. ಎರಡನ್ನೂ ಬೆರೆಸಿದರೆ ಹೀಗೇ ಎಡವುತ್ತೀರಿ.

ಸುದ್ದಿಮನೆ:
‘ಒಂದೇ ವೇಗದಲ್ಲಿ ಮುಳುಗುತ್ತದೆ’ ಎನ್ನುವುದೂ ಪೂರ್ತಿ ನಿಜವಲ್ಲ. ನೀರಿನಲ್ಲಿ ಕಸ ಇದ್ದರೆ ತೂತು ಕಟ್ಟಿಕೊಳ್ಳುತ್ತದೆ, ಅದಕ್ಕೇ ‘ಶುದ್ಧ ನೀರು’ ಎಂದಿರುವುದು. ಚಳಿಯಲ್ಲಿ ನೀರು ತೂತಿನಿಂದ ನಿಧಾನ ಹರಿಯುತ್ತದೆ. ಅಂದರೆ ಮಾಗಿಯ ರಾತ್ರಿಯ ಗಳಿಗೆ ಬೇಸಿಗೆಯ ಗಳಿಗೆಗಿಂತ ಉದ್ದ. ಗಟ್ಟಿ ಎಂದ ಅಳತೆಯೇ ಹೀಗಿರುವಾಗ ಒಂದು ಶೀರ್ಷಿಕೆಯ ಪದಕ್ಕೆ ಇಷ್ಟು ಕಿಡಿ ಯಾಕೆ?

ಗಳಿಗೆಬಟ್ಟಲು:
ಕಿಡಿ ಯಾಕೆಂದರೆ ದಿನಾ ಲಕ್ಷಗಟ್ಟಲೆ ಜನ ಓದುವ ಪದ ಅದು. ಬೆಳಗಿನ ಜಾವ ಎಂದರೆ ಒಂದು ಗಂಟೆ ಎಂದು ಕಲಿತ ಮಕ್ಕಳಿಗೆ ಮುಂಜಾವು ಎಂದರೆ ಏನು ಹೇಳಿಕೊಡುತ್ತೀರಿ? ಗೊಂದಲ ತಪ್ಪಿಸಬೇಕಾದರೆ ‘ಶುಕ್ರವಾರ ನಡುರಾತ್ರಿ ಕಳೆದು 1 ಗಂಟೆಗೆ’ ಎಂದು ಬರೆಯಿರಿ. ಎರಡು ಪದ ಹೆಚ್ಚಾದರೆ ಪುಟ ಒಡೆಯುವುದಿಲ್ಲ.

ಸುದ್ದಿಮನೆ:
ಶೀರ್ಷಿಕೆಯಲ್ಲಿ ಎರಡು ಪದ ಹೆಚ್ಚಾದರೆ ಒಂದು ಸಾಲೇ ಹೆಚ್ಚುತ್ತದೆ. ‘ತಡರಾತ್ರಿ’ ಎಂದು ಈಗಾಗಲೇ ಬಳಸುತ್ತಿದ್ದೇವೆ. ‘ಶುಕ್ರವಾರ ತಡರಾತ್ರಿ’ ಎಂದರೆ ವಾರವೂ ತಪ್ಪುವುದಿಲ್ಲ.

ಸಂಧಿಕಾರ್ಯ:
ತಡರಾತ್ರಿ ಎಂಬುದೂ ಹೊಸ ಜೋಡಣೆ. ತಡವಾಗುವುದು ಕೆಲಸ ಅಥವಾ ಮನುಷ್ಯ, ರಾತ್ರಿಯೇ ತಡವಾಗುವುದಿಲ್ಲ. ಸರಿಹೊತ್ತು, ನಟ್ಟಿರುಳು, ನಡುರಾತ್ರಿ ಎಂಬ ಪದಗಳು ಇರುವಾಗ ಇದರ ಅಗತ್ಯ ಏನು?

ಸುದ್ದಿಮನೆ:
ನಡುರಾತ್ರಿ ಎಂದರೆ ಹನ್ನೆರಡು. ನನಗೆ ಬೇಕಾದದ್ದು ಹನ್ನೊಂದರಿಂದ ಎರಡರವರೆಗಿನ ಹೊತ್ತಿಗೆ ಒಂದು ಪದ. ತಡರಾತ್ರಿ ಆ ಕೆಲಸ ಮಾಡುತ್ತದೆ.

ಪದಮೂಲ:
ಅದಕ್ಕೇ ಅಪರಾತ್ರಿ ಇದೆಯಲ್ಲ! ಚರ್ಚೆ ತೆಗೆದದ್ದು ಅದರ ಬಗ್ಗೆ. ಎಲ್ಲರೂ ಬಟ್ಟಲು, ಬೆಳ್ಳಿ ಎಂದು ಎಲ್ಲಿಗೋ ಹೋದಿರಿ. ಅಪರರಾತ್ರ ಎಂಬ ಪದ ಕಾಶಿಕಾವೃತ್ತಿಯಲ್ಲಿ ಮಾತ್ರ ಇರುವುದಲ್ಲ. ಆಪಸ್ತಂಬ ಧರ್ಮಸೂತ್ರದಲ್ಲಿ, ಅಪರರಾತ್ರದಲ್ಲಿ ಎದ್ದ ವಿದ್ಯಾರ್ಥಿ ‘ಇವತ್ತು ಅನಧ್ಯಾಯ, ಪಾಠವಿಲ್ಲದ ದಿನ’ ಎಂದುಕೊಂಡು ಮತ್ತೆ ಮಲಗಬಾರದು ಎಂಬ ವಿಧಿ ಇದೆ. ಬಳಕೆಯಲ್ಲಿದ್ದ ಪದ, ರಾತ್ರಿಯ ಕೊನೆಯ ಭಾಗ ಎಂಬ ಅರ್ಥ ಸ್ಪಷ್ಟ.

ಸಂಧಿಕಾರ್ಯ:
ಈ ಸಾಕ್ಷಿ ನನ್ನ ಕಡೆಯದು. ಆಪಸ್ತಂಬನ ಅಪರರಾತ್ರ ಎದ್ದು ಓದುವ ಹೊತ್ತು, ಮಲಗಬಾರದ ಹೊತ್ತು. ಕನ್ನಡದ ಅಪರಾತ್ರಿ ಹೊರಗೆ ತಿರುಗಬಾರದ ಹೊತ್ತು, ಬಾಗಿಲು ಬಡಿಯಬಾರದ ಹೊತ್ತು. ನಾಲ್ಕೂವರೆಗೆ ಎದ್ದು ಪಾಠ ಒಪ್ಪಿಸುವವನನ್ನು ನೋಡಿ ‘ಅಪರಾತ್ರಿಯಲ್ಲಿ ಓದುತ್ತಾನೆ’ ಎಂದು ಯಾವ ಕನ್ನಡಿಗ ಹೇಳುತ್ತಾನೆ? ‘ಬೆಳಗಿನ ಜಾವ ಎದ್ದು ಓದುತ್ತಾನೆ’ ಎನ್ನುತ್ತಾನೆ. ಅದೇ ಹುಡುಗ ಹನ್ನೊಂದಕ್ಕೆ ಮನೆಗೆ ಬಂದರೆ ‘ಅಪರಾತ್ರಿಯಲ್ಲಿ ಬಂದ’ ಎನ್ನುತ್ತಾನೆ. ನಿಮ್ಮ ಮೂಲ ನಿಜವಾದರೆ ಇದು ತಿರುಗಾಮುರುಗಾ ಆಗಬೇಕಿತ್ತು.

ಪದಮೂಲ:
ಅರ್ಥ ಜಾರಿದೆ ಎಂದ ಮಾತ್ರಕ್ಕೆ ಮೂಲ ಬದಲಾಗುವುದಿಲ್ಲ. ಅಪರ ಎಂಬ ಮೂಲ ಮರೆತ ಮೇಲೆ ಜನರ ಕಿವಿ ಅದನ್ನು ಅಪಶಕುನದ ಜೊತೆ ಸೇರಿಸಿತು. ಜಾರಿದ್ದು ಆಮೇಲೆ. ಅಮರಕೋಶದಲ್ಲಿ ರಾತ್ರಿಗೆ ಇಷ್ಟೊಂದು ಹೆಸರಿವೆ, ನಿಮ್ಮ ‘ಅಪರಾತ್ರಿ’ ಅಲ್ಲಿ ಇದೆಯೇ?

ಸಂಧಿಕಾರ್ಯ:
ನಿಮ್ಮ ‘ಅಪರರಾತ್ರ’ವೂ ಅಲ್ಲಿ ಇಲ್ಲ. ‘ಅರ್ಧರಾತ್ರನಿಶೀಥೌ ದ್ವೌ’ ಎಂದು ಮಧ್ಯರಾತ್ರಿಗೆ ಎರಡು ಪದ ಕೊಟ್ಟು ‘ದ್ವೌ ಯಾಮಪ್ರಹರೌ ಸಮೌ’ ಎಂದು ಮುಂದೆ ಹೋಗುತ್ತದೆ.

ಗಳಿಗೆಬಟ್ಟಲು:
ನೀವೇ ಹೇಳಿದಿರಿ: ಯಾಮ, ಪ್ರಹರ ಎರಡೂ ಒಂದೇ. ಪ್ರಹರ ಹಗಲಿಗೆ ನಾಲ್ಕು, ರಾತ್ರಿಗೆ ನಾಲ್ಕು, ಒಟ್ಟು ಎಂಟು. ಅಷ್ಟಪ್ರಹರ ಎಂಬ ಮಾತು ಎಲ್ಲರಿಗೂ ಗೊತ್ತು. ರಾತ್ರಿಗೆ ಮೂರೇ ಎಂದ ನಿಮ್ಮ ತ್ರಿಯಾಮಾ ಏನಾಯಿತು?

ಸಂಧಿಕಾರ್ಯ:
ನಾನು ಈಗ ಮಾತಾಡುತ್ತಿರುವುದು ಅಪರಾತ್ರಿಯ ಬಗ್ಗೆ.

ಗಳಿಗೆಬಟ್ಟಲು:
ಮೂರು ಎಂದವರು ನೀವು. ಹಿಂತೆಗೆದುಕೊಳ್ಳಿ, ಇಲ್ಲವೇ ಅಷ್ಟಪ್ರಹರಕ್ಕೆ ಉತ್ತರ ಕೊಡಿ.

ವಾತಪಿತ್ತ:
ನಾನೂ ಮೂರು ಎಂದೆ, ಹಿಂತೆಗೆಯುವುದಿಲ್ಲ.

ನಸುಕು:
ಪದಮೂಲ ಅವರಿಗೆ ಒಂದು ಪ್ರಶ್ನೆ. ‘ರಾತ್ರಿ ಅಪರಾತ್ರಿ’ ಅನ್ನೋ ಜೋಡಿಗೆ ನೀವು ತೆಲುಗು ತೋರಿಸಿದ್ರಿ, ನಮ್ಮ ಜೋಡಿಗೆ ಉತ್ತರ ಕೊಡಲಿಲ್ಲ. ರಾತ್ರಿ ಅಂದ್ರ ಪೂರ್ತಿ ರಾತ್ರಿ. ಅದರೊಳಗ ಹಿಂಭಾಗನೂ ಬಂತು. ಹಂಗಿದ್ರ ‘ಅಪರ’ ಅಂತ ಮತ್ತ ಯಾಕ ಹೇಳ್ಬೇಕು?

ಪದಮೂಲ:
ಅಲ್ಲಿ ರಾತ್ರಿ ಎಂದರೆ ಮುಂಭಾಗ, ಊಟದ ಹೊತ್ತು, ಮಲಗುವ ಹೊತ್ತು. ‘ರಾತ್ರಿ ಊಟಕ್ಕೆ ಬನ್ನಿ’ ಎಂದರೆ ಯಾರೂ ಎರಡು ಗಂಟೆಗೆ ಬರುವುದಿಲ್ಲ. ಆ ರಾತ್ರಿ ದಾಟಿದರೆ ಅಪರಾತ್ರಿ.

ನಸುಕು:
ಹಂಗಾದ್ರ ಹತ್ತೂವರಿಗೆ, ಎಲ್ಲಾರೂ ಮಲಗಿದ ಮ್ಯಾಲ ಬಂದವ ಅಪರಾತ್ರ್ಯಾಗ ಬಂದಂಗ ಆತು. ‘ಮಧ್ಯರಾತ್ರಿ ದಾಟದೆ ಅಪರಾತ್ರಿ ಇಲ್ಲ’ ಅಂತ ಮೊದಲ ಸಾಲಿನೊಳಗ ಬರದಿದ್ರಿ.

ಪದಮೂಲ:
ಪದದ ಹುಟ್ಟಿನ ಮಾತು ಬೇರೆ, ಮನೆಯವರ ಬೈಗುಳದ ಮಾತು ಬೇರೆ. ಹುಟ್ಟಿನ ಬಗ್ಗೆ ನನ್ನ ಮಾತು ಹಾಗೇ ಇದೆ.

ಸುದ್ದಿಮನೆ:
ನಮ್ಮ ಓದುಗರು ಮನೆಯವರೇ. ಅವರು ಹತ್ತೂವರೆಗೂ ಅಪರಾತ್ರಿ ಎನ್ನುತ್ತಾರೆ, ಎರಡಕ್ಕೂ ಅಪರಾತ್ರಿ ಎನ್ನುತ್ತಾರೆ. ಗಂಟೆ ಹೇಳಬೇಕಾದ ಕಡೆ ಈ ಪದ ನಡೆಯುವುದಿಲ್ಲ. ಬೆಳಗಿನ ಜಾವವೇ ಇರಲಿ.

ಗಳಿಗೆಬಟ್ಟಲು:
ಮೂರರ ಮೇಲೆ ಇರಲಿ.